ಮೊದಲು ಅಳತೆ, ಆಮೇಲೆ ಗಾಲಿಕುರ್ಚಿ: ಯಾರಿಗೆ ಯಾವುದು ಒಪ್ಪುತ್ತದೆ?

ನನ್ನ ತಮ್ಮ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ದಾರಿಯಲ್ಲೇ ಒಂದು ಅಂಗಡಿಗೆ ಹೋಗಿ ಗಾಲಿಕುರ್ಚಿ ಕೊಂಡೆವು. ಅಂಗಡಿಯವರು ಅಳತೆ ಕೇಳಲಿಲ್ಲ. ಅದು ಕೇಳಬೇಕಾದ ವಿಷಯ ಅಂತ ನಮಗೂ ಗೊತ್ತಿರಲಿಲ್ಲ. "ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ" ಅಂದರು. ಸೀಟಿನ ಅಗಲ 18 ಇಂಚು.

ಅವನು ಕೂತರೆ ಎರಡೂ ಪಕ್ಕ ಒಂದೊಂದು ದಿಂಬು ತುರುಕಬೇಕಿತ್ತು. ದಿಂಬು ಜಾರಿತೋ, ಅವನೂ ಎಡಕ್ಕೆ ವಾಲುತ್ತಿದ್ದ. ಗಾಲಿ ಎಟುಕಬೇಕಾದರೆ ಎರಡೂ ತೋಳನ್ನು ಪಕ್ಕಕ್ಕೆ ಚಾಚಬೇಕು. ಹತ್ತು ಮಾರು ಹೋಗುವಷ್ಟರಲ್ಲಿ ಭುಜ ಸೋತು ಹೋಗುತ್ತಿತ್ತು. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಸ್ನಾನ ಮಾಡಿಸುವಾಗ ಅಮ್ಮ ನೋಡಿದರು. ಎಡಗಡೆ ಕೂರುವ ಮೂಳೆಯ ಮೇಲೆ ಚರ್ಮ ಒಡೆದಿತ್ತು. ಅವನಿಗೆ ಸೊಂಟದ ಕೆಳಗೆ ಸ್ಪರ್ಶವಿಲ್ಲ, ನೋವು ಗೊತ್ತಾಗಲಿಲ್ಲ. ಆ ಹುಣ್ಣು ಮಾಯುವ ತನಕ ಐದು ತಿಂಗಳು ಬೋರಲು ಮಲಗಿದ್ದ.

ಆಮೇಲೆ ಬೆಂಗಳೂರಿನ ಪುನರ್ವಸತಿ ಕೇಂದ್ರವೊಂದಕ್ಕೆ ಹೋದೆವು. ಅಲ್ಲಿನ ಥೆರಪಿಸ್ಟ್ ಮೇಡಂ ಕುರ್ಚಿಯ ಮಾತೇ ಎತ್ತಲಿಲ್ಲ. ಮೊದಲು ಟೇಪು ತೆಗೆದರು. ತಮ್ಮನ ಸೊಂಟದ ಅಗಲ ಹದಿನಾಲ್ಕೂವರೆ ಇಂಚು. ಅಂದರೆ ಅಷ್ಟು ದಿನ ಅವನು ಕೂತದ್ದು ಮೂರೂವರೆ ಇಂಚು ಜಾಸ್ತಿ ಇರುವ ಕುರ್ಚಿಯಲ್ಲಿ. ಬ್ಲೌಸಿನ ತೋಳು ಅರ್ಧ ಇಂಚು ಸಡಿಲವಾದರೆ ಟೈಲರ್ ಹತ್ತಿರ ವಾಪಸ್ ಹೋಗುತ್ತೇವೆ. ದಿನಕ್ಕೆ ಹತ್ತು ಗಂಟೆ ಕೂರುವ ಕುರ್ಚಿಗೆ ಟೇಪೇ ಹಿಡಿಯುವುದಿಲ್ಲ ಅಲ್ವಾ?

ಹಾಗಾಗಿ ನನ್ನನ್ನು ಯಾರಾದರೂ "ಯಾವ ಕಂಪನಿ ಒಳ್ಳೇದು?" ಅಂತ ಕೇಳಿದರೆ, ಅಳತೆ ತಗೊಂಡಿದ್ದೀರಾ ಅಂತ ನಾನು ವಾಪಸ್ ಕೇಳುತ್ತೇನೆ.

ಮನೆಯಲ್ಲೇ ಅಳತೆ ತಗೊಳ್ಳೋದು

ಮೆತ್ತನೆಯ ಹಾಸಿಗೆ ಬೇಡ. ಗಟ್ಟಿ ಬೆಂಚಿನ ಮೇಲೆ ನೇರ ಕೂರಿಸಿ. ಪಾದ ಪೂರ್ತಿ ಊರಿರಬೇಕು. ನೆಲಕ್ಕೆ ಎಟುಕದಿದ್ದರೆ ಕೆಳಗೆ ಹಲಗೆ ಇಡಿ. ಬೆನ್ನಿಗೆ ಬಲವಿಲ್ಲದವರನ್ನು ಒಬ್ಬರು ಹಿಡಿದುಕೊಂಡಿರಲಿ, ಇನ್ನೊಬ್ಬರು ಅಳೆಯಲಿ.

ಮೊದಲು ಸೊಂಟದ ಅಗಲ. ಟೇಪನ್ನು ಮೈ ಸುತ್ತ ಬಳಸಬೇಡಿ. ಎರಡು ದಪ್ಪ ಪುಸ್ತಕಗಳನ್ನು ಎರಡೂ ಪಕ್ಕಕ್ಕೆ ನೆಟ್ಟಗೆ ತಾಗಿಸಿ ಹಿಡಿದು, ಪುಸ್ತಕದಿಂದ ಪುಸ್ತಕಕ್ಕೆ ಎಷ್ಟು ಅಂತ ನೋಡಿ. ಸೀಟಿನ ಅಗಲ ಅಷ್ಟೇ ಇರಬೇಕು. ಹೆಚ್ಚೆಂದರೆ ಒಂದು ಇಂಚು ಸೇರಿಸಬಹುದು. "ಸ್ವಲ್ಪ ದೊಡ್ಡದೇ ಇರಲಿ, ಆರಾಮಾಗಿರುತ್ತೆ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಸೋಫಾಕ್ಕೆ ಅದು ಸರಿ. ಗಾಲಿಕುರ್ಚಿಯಲ್ಲಿ ಆ ಖಾಲಿ ಜಾಗಕ್ಕೆ ಸೊಂಟ ವಾಲುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತದೆ. ತೀರಾ ಬಿಗಿಯಾದರೂ ತೊಂದರೆಯೇ. ಪಕ್ಕದ ತಗಡು ತೊಡೆಗೆ ಉಜ್ಜುತ್ತದೆ.

ಎರಡನೆಯದು ಸೀಟಿನ ಉದ್ದ. ಕುಂಡಿಯ ಹಿಂಭಾಗದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆಯಿರಿ. ಎರಡೂ ಕಾಲನ್ನು ಬೇರೆ ಬೇರೆ ಅಳೆಯಿರಿ, ಎಷ್ಟೋ ಜನರಿಗೆ ಒಂದೇ ಸಮ ಇರುವುದಿಲ್ಲ. ಅದರಲ್ಲಿ 3ರಿಂದ 6 ಸೆಂಟಿಮೀಟರ್ ಕಳೆದರೆ ಸೀಟಿನ ಉದ್ದ. ಕೂತ ಮೇಲೆ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳು ಆಡಬೇಕು. ಇದು ತಪ್ಪಿದರೆ ಏನಾಗುತ್ತದೆ ಅನ್ನೋದನ್ನು ಅಜ್ಜ ಅಜ್ಜಿಯರಲ್ಲಿ ನೀವೂ ನೋಡಿರಬಹುದು. ಎಷ್ಟು ಸಲ ಮೇಲೆತ್ತಿ ಕೂರಿಸಿದರೂ ಮುಂದಕ್ಕೆ ಜಾರಿ ಜಾರಿ ಬರುತ್ತಾರೆ. "ಸರಿಯಾಗಿ ಕೂರಿ" ಅಂತ ನಾವು ಗದರುತ್ತೇವೆ. ಪಾಪ, ಅವರ ತಪ್ಪಲ್ಲ. ಸೀಟು ಉದ್ದವಾಗಿ ಮೀನಖಂಡಕ್ಕೆ ಒತ್ತುತ್ತಿರುತ್ತದೆ. ತಪ್ಪಿಸಿಕೊಳ್ಳಲು ಮೈ ತಾನಾಗಿ ಮುಂದೆ ಜಾರುತ್ತದೆ. ಆಗ ಭಾರ ಬಾಲದ ಮೂಳೆಯ ಮೇಲೆ ಬೀಳುತ್ತದೆ.

ಮೂರನೆಯದು ಕಾಲಿನ ಉದ್ದ. ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗೆ, ದಿನಾ ಹಾಕುವ ಚಪ್ಪಲಿ ಹಾಕಿಸಿಯೇ ಅಳೆಯಿರಿ. ಕುಶನ್ ಮೇಲಿನಿಂದ ಫುಟ್‌ರೆಸ್ಟ್‌ವರೆಗೆ ಅಷ್ಟೇ ದೂರ ಇರಬೇಕು. ಫುಟ್‌ರೆಸ್ಟ್ ಮೇಲಿದ್ದರೆ ಮಂಡಿ ಎದ್ದು ನಿಲ್ಲುತ್ತದೆ, ತೊಡೆ ಸೀಟಿಗೆ ತಾಗುವುದೇ ಇಲ್ಲ. ಕೆಳಗಿದ್ದರೆ ಪಾದ ಜೋತಾಡುತ್ತದೆ. ನೆಲದಿಂದ ಫುಟ್‌ರೆಸ್ಟ್ ಎರಡು ಇಂಚಾದರೂ ಮೇಲಿರಲಿ, ಇಲ್ಲದಿದ್ದರೆ ನಮ್ಮ ರಸ್ತೆಗಳಲ್ಲಿ ಪ್ರತಿ ಉಬ್ಬಿಗೂ ತಾಗುತ್ತದೆ.

ಕುರ್ಚಿಯ ಬೆನ್ನಿನ ಎತ್ತರ ಒಬ್ಬೊಬ್ಬರಿಗೆ ಒಂದೊಂದು ಥರ. ಯಾರೂ ಹಿಡಿಯದೆ ನೇರ ಕೂರಲು ಆಗುವವರಿಗೆ, ತಾವೇ ಗಾಲಿ ತಿರುಗಿಸುವವರಿಗೆ ಹೆಗಲ ಮೂಳೆಯ ಕೆಳಗೇ ನಿಲ್ಲಬೇಕು. ಆಗ ತೋಳು ಹಿಂದಕ್ಕೆ ಹೋಗಲು ಜಾಗವಿರುತ್ತದೆ. ಬೆನ್ನಿಗೆ ಬಲ ಕಡಿಮೆ ಇದ್ದವರಿಗೆ ಎತ್ತರ ಬೇಕು.

ಇನ್ನೊಂದು ಪರೀಕ್ಷೆ ಕುರ್ಚಿಯಲ್ಲಿ ಕೂತ ಮೇಲೆ ಮಾಡೋದು. ಭುಜ ಸಡಿಲ ಬಿಟ್ಟು ಕೈ ಕೆಳಗೆ ಇಳಿಬಿಟ್ಟರೆ ನಡುಬೆರಳು ಗಾಲಿಯ ನಡುವಿನ ಅಚ್ಚಿನ ಹತ್ತಿರ ಬರಬೇಕು. ಗಾಲಿಯ ನೆತ್ತಿಯ ಮೇಲೆ ಕೈಯಿಟ್ಟರೆ ಮೊಣಕೈ ಸುಮಾರು 90ರಿಂದ 120 ಡಿಗ್ರಿ ಮಡಿಸಿರಬೇಕು. ಹೀಗಿಲ್ಲದಿದ್ದರೆ ಭುಜ ಬೇಗ ಹಾಳಾಗುತ್ತದೆ. ಕಾಲು ಹೋದವರಿಗೆ ಭುಜವೇ ಕಾಲು, ಅದನ್ನು ಉಳಿಸಿಕೊಳ್ಳಲೇಬೇಕು.

ಎಲ್ಲವನ್ನೂ ಬಳಸುವ ಕುಶನ್ ಇಟ್ಟುಕೊಂಡೇ ನೋಡಿ. ಮೂರು ಇಂಚಿನ ಕುಶನ್ ಆಮೇಲೆ ತಂದಿಟ್ಟರೆ ಫುಟ್‌ರೆಸ್ಟ್, ಬೆನ್ನು, ತೋಳು ಎಲ್ಲದರ ಲೆಕ್ಕ ತಪ್ಪುತ್ತದೆ.

ಸೊಂಟ ಆಗಲೇ ಒಂದು ಕಡೆ ತಿರುಗಿಕೊಂಡಿದ್ದರೆ, ಬೆನ್ನು ಗೂನಾಗಿದ್ದರೆ, ಅಥವಾ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಗುವಾದರೆ ಮನೆಯ ಟೇಪು ಸಾಲದು. ತಿಳಿದ ಥೆರಪಿಸ್ಟ್ ನೋಡಲೇಬೇಕು.

ಯಾರಿಗೆ ಯಾವ ಮಾದರಿ

ಆಸ್ಪತ್ರೆಗಳಲ್ಲಿ ಕಾಣುವ ಮಡಚುವ ಕಬ್ಬಿಣದ ಕುರ್ಚಿ ಎಲ್ಲರಿಗೂ ಗೊತ್ತು. ತೂಕ 18ರಿಂದ 20 ಕೆಜಿ. ಆರೇಳು ಸಾವಿರಕ್ಕೂ ಸಿಗುತ್ತದೆ. ಅದನ್ನು ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಕಾಲು ಮುರಿದು ಆರು ವಾರ ಬೇಕಾದವರಿಗೆ, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವವರಿಗೆ ಅದು ಸಾಕು. ರಿಪೇರಿಗೆ ಸೈಕಲ್ ಅಂಗಡಿಯವನೇ ಆಗುತ್ತಾನೆ, ಆಟೋದಲ್ಲೂ ಹಿಡಿಯುತ್ತದೆ. ಆದರೆ ಅದರಲ್ಲಿ ಯಾವುದನ್ನೂ ಹಿಂದೆ ಮುಂದೆ, ಮೇಲೆ ಕೆಳಗೆ ಮಾಡಲು ಬರುವುದಿಲ್ಲ. ದಿನವಿಡೀ ಕೂರುವವರಿಗೆ, ಸ್ಪರ್ಶ ಇಲ್ಲದವರಿಗೆ ಅದು ಬೇಡ.

ಹಿಂದಿನ ಗಾಲಿಯೂ ಸಣ್ಣದಿರುವ, ಬೇರೆಯವರೇ ತಳ್ಳಬೇಕಾದ ಕುರ್ಚಿ ಇನ್ನೊಂದು. ಹಗುರ, ಕಾರಿನ ಡಿಕ್ಕಿಗೆ ಸುಲಭ. ವಯಸ್ಸಾದವರಿಗೆ ಇದನ್ನೇ ಕೊಡಿಸುವವರು ಜಾಸ್ತಿ. ಇಲ್ಲಿ ನನ್ನ ಮಾತು ಸ್ವಲ್ಪ ಕೇಳಿ. ನಮ್ಮ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದು ಹೋಯಿತು. ಇನ್ನು ಅವರೇನು ಗಾಲಿ ತಿರುಗಿಸುತ್ತಾರೆ, ತಳ್ಳುವ ಕುರ್ಚಿಯೇ ಸಾಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ತಮ್ಮನ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದರಿಂದ ನಾನು ಥೆರಪಿಸ್ಟರನ್ನು ಕೇಳಿದೆ. ಅವರು ದೊಡ್ಡ ಗಾಲಿಯ ಕುರ್ಚಿಯನ್ನೇ ಹೇಳಿದರು, ಸೀಟು ಮಾತ್ರ ಎರಡು ಇಂಚು ತಗ್ಗಿರಲಿ ಅಂದರು. ಎಡಗಡೆಯ ಫುಟ್‌ರೆಸ್ಟ್ ತೆಗೆದಿಟ್ಟರು. ಎಡಗಾಲಿನ ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗಿತು. ಈಗ ಅತ್ತೆ ಎಡಗೈಯಲ್ಲಿ ಗಾಲಿ ತಳ್ಳುತ್ತಾ, ಎಡಗಾಲಲ್ಲಿ ನೆಲ ಮೀಟುತ್ತಾ ಹಜಾರದಿಂದ ದೇವರ ಕೋಣೆವರೆಗೆ ತಾವೇ ಹೋಗುತ್ತಾರೆ. ಮೊದಲ ದಿನ ಹೋಗಿ ತಾವೇ ದೀಪ ಹಚ್ಚಿದರು. ಯಾರನ್ನೂ ಕರೆಯಲಿಲ್ಲ. ಒಂದು ಕೈ, ಒಂದು ಕಾಲು ಆಡುತ್ತಿದ್ದರೂ ತಳ್ಳುವ ಕುರ್ಚಿಗೆ ಹೋಗಬೇಡಿ. ಕೈಕಾಲು ಎರಡೂ ಆಡದವರಿಗೆ, ಮರೆವಿನ ಕಾಯಿಲೆ ಜಾಸ್ತಿಯಾದವರಿಗೆ, ಇಲ್ಲವೇ ಪ್ರಯಾಣಕ್ಕೆ ಎರಡನೇ ಕುರ್ಚಿಯಾಗಿ ಅದು ಸರಿ.

ಮಡಚಲೂ ಬರುವ, ಹೊಂದಿಸಲೂ ಬರುವ ಕುರ್ಚಿಗಳು ನಡುವಿನ ದಾರಿ. ಸೀಟಿನ ಅಗಲ 14, 15, 16 ಇಂಚು ಹೀಗೆ ಆರಿಸಿಕೊಳ್ಳಬಹುದು. ಕೈ ಇಡುವ ಪಟ್ಟಿ ಕಳಚುತ್ತದೆ, ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗುತ್ತದೆ. ದಿನಾ ಬಳಸುವ ಹೆಚ್ಚಿನ ಮನೆಗಳಿಗೆ ಇದೇ ಸಾಕು ಅಂತ ನನ್ನ ಅನಿಸಿಕೆ. ಕೈಪಟ್ಟಿ ಕಳಚುವುದು ಸಣ್ಣ ವಿಷಯ ಅನ್ನಿಸಬಹುದು. ಮಂಚದಿಂದ ಕುರ್ಚಿಗೆ ಜರುಗುವಾಗ ಅದು ಅಡ್ಡ ಬಂದರೆ ಪ್ರತಿ ಸಲ ಒಬ್ಬರು ಎತ್ತಿ ದಾಟಿಸಬೇಕು. ದಿನಕ್ಕೆ ಎಂಟು ಸಲ. ಅಮ್ಮಂದಿರ ಸೊಂಟ ಹೋಗುವುದು ಹೀಗೇ.

ಹಳ್ಳಿಯ ಕಡೆ, ಮಣ್ಣು ರಸ್ತೆ, ತೋಟದ ದಾರಿ ಇರುವವರು ಮೂರು ಗಾಲಿಯ ಉದ್ದ ಕುರ್ಚಿಯನ್ನೂ ನೋಡಬೇಕು. ಮುಂದೆ ಒಂದೇ ದೊಡ್ಡ ಗಾಲಿ. ನೆಲ ಏರುಪೇರಿದ್ದರೂ ಮೂರೂ ಗಾಲಿ ತಾಗಿಯೇ ಇರುತ್ತವೆ, ಮುಂದಕ್ಕೆ ಮಗುಚುವ ಭಯ ಕಡಿಮೆ. ಆದರೆ ಮನೆಯೊಳಗೆ ತಿರುಗಿಸಲು ಬಹಳ ಜಾಗ ಬೇಕು. ಸಣ್ಣ ಅಡುಗೆಮನೆ, ಇಕ್ಕಟ್ಟಾದ ಪಡಸಾಲೆ ಇದ್ದರೆ ಇದೊಂದೇ ಇಟ್ಟುಕೊಂಡು ಬದುಕುವುದು ಕಷ್ಟ.

ಮಡಚುವುದೋ, ಗಟ್ಟಿ ಫ್ರೇಮೋ

ಹರೆಯದವರಿಗೆ, ಕೈಯಲ್ಲಿ ಬಲ ಇದ್ದವರಿಗೆ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಇದು.

ಅಡಿಯಲ್ಲಿ ಕತ್ತರಿಯ ಹಾಗೆ ಎರಡು ಕಂಬಿ ಇರುವ ಮಡಚುವ ಕುರ್ಚಿ ಅಮೆರಿಕದ್ದು. ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರ್ ತನ್ನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1930ರ ದಶಕದಲ್ಲಿ ಮಾಡಿದ್ದು. ಕಾರಿಗೆ ಹಾಕಿಕೊಂಡು ಹೋಗಲು ಬರಬೇಕು ಅನ್ನುವುದು ಅವರ ಆಸೆ. ಅದು ಆಗ ದೊಡ್ಡ ಹೆಜ್ಜೆ. ಇವತ್ತಿಗೂ ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚುಕಡಿಮೆ ಅದೇ. ಆಮೇಲೆ ಕ್ಯಾಲಿಫೋರ್ನಿಯಾದ ಮರಿಲಿನ್ ಹ್ಯಾಮಿಲ್ಟನ್ 1978ರಲ್ಲಿ ಹ್ಯಾಂಗ್ ಗ್ಲೈಡರ್ ಎಂಬ ಹಾರುವ ರೆಕ್ಕೆಯಿಂದ ಬಿದ್ದು ನಡಿಗೆ ಕಳೆದುಕೊಂಡರು. ಆ ಭಾರದ ಕುರ್ಚಿ ಅವರಿಗೆ ಸಹಿಸಲಾಗಲಿಲ್ಲ. ಹ್ಯಾಂಗ್ ಗ್ಲೈಡರ್ ಕಟ್ಟುತ್ತಿದ್ದ ಇಬ್ಬರು ಗೆಳೆಯರ ಜೊತೆ ಸೇರಿ ಅದೇ ಅಲ್ಯೂಮಿನಿಯಂ ಕೊಳವೆಗಳಿಂದ ಹಗುರವಾದ, ಮಡಚದ, ಗಟ್ಟಿ ಫ್ರೇಮಿನ ಕುರ್ಚಿ ಮಾಡಿದರು. ಕ್ವಿಕೀ ಅನ್ನುವ ಗಾಲಿಕುರ್ಚಿ ಬ್ರಾಂಡ್ ಹಾಗೆ ಹುಟ್ಟಿತು. ಎರಡನ್ನೂ ಮಾಡಿಸಿದ್ದು ಅದರಲ್ಲಿ ಕೂತವರೇ ಅನ್ನುವುದನ್ನು ಗಮನಿಸಿ.

ಗಟ್ಟಿ ಫ್ರೇಮಿನಲ್ಲಿ ನೀವು ತಳ್ಳಿದ ಬಲ ಪೂರ್ತಿ ಗಾಲಿಗೆ ಹೋಗುತ್ತದೆ. ಮಡಚುವುದರಲ್ಲಿ ಕೀಲುಗಳು ಅಲ್ಲಾಡಿ ಸ್ವಲ್ಪ ಬಲ ನುಂಗುತ್ತವೆ. ಹಳೆಯದಾದಂತೆ ಇನ್ನೂ ಜಾಸ್ತಿ. ಗಟ್ಟಿ ಫ್ರೇಮಿನ ತೂಕವೂ ಕಡಿಮೆ, ಸಾಮಾನ್ಯವಾಗಿ 10ರಿಂದ 13 ಕೆಜಿ. ಮಡಚದಿದ್ದರೆ ಆಟೋದಲ್ಲಿ ಹೇಗೆ ಅನ್ನುವುದು ಎಲ್ಲರ ಮೊದಲ ಚಿಂತೆ. ಅಚ್ಚಿನ ನಡುವಿನ ಗುಂಡಿ ಒತ್ತಿದರೆ ಎರಡೂ ಗಾಲಿ ಕಳಚಿ ಬರುತ್ತವೆ, ಬೆನ್ನು ಮುಂದಕ್ಕೆ ಮಡಚುತ್ತದೆ. ಉಳಿದ ಫ್ರೇಮು ಸೂಟ್‌ಕೇಸಿನಷ್ಟು. ತಮ್ಮನದು ಈಗ ಇಂಥದೇ ಕುರ್ಚಿ, ಫ್ರೇಮನ್ನು ಮಡಿಲಲ್ಲಿಟ್ಟುಕೊಂಡೇ ಆಟೋದಲ್ಲಿ ಹೋಗುತ್ತಾನೆ.

ಆದರೆ ಒಂದು ಎಚ್ಚರ. ಇಂಥ ಕುರ್ಚಿಗಳಲ್ಲಿ ಹಿಂದಿನ ಗಾಲಿಯ ಅಚ್ಚನ್ನು ಮುಂದಕ್ಕೆ ತರಬಹುದು. ಮುಂದೆ ತಂದಷ್ಟೂ ಮುಂಗಾಲಿಯ ಮೇಲಿನ ಭಾರ ಇಳಿದು ತಳ್ಳುವುದು ಸಲೀಸಾಗುತ್ತದೆ. ಮುಂಗಾಲಿ ಎತ್ತಿ ಹಳ್ಳ ದಾಟಿಸಬಹುದು. ಅಷ್ಟೇ ಸಲೀಸಾಗಿ ಹಿಂದಕ್ಕೂ ಮಗುಚುತ್ತದೆ. ಮೊದಮೊದಲು ಅಚ್ಚು ಹಿಂದೆಯೇ ಇರಲಿ, ಹಿಂದೆ ಬೀಳದಂತೆ ತಡೆಯುವ ಸಣ್ಣ ಗಾಲಿ ಹಾಕಿಸಿ. ರೂಢಿಯಾದಂತೆ ಸ್ವಲ್ಪ ಸ್ವಲ್ಪ ಮುಂದೆ ತನ್ನಿ. ಬೆನ್ನಿಗೆ ಬಲ ಇಲ್ಲದವರಿಗೆ, ತೀರಾ ವಯಸ್ಸಾದವರಿಗೆ ನಾನು ಗಟ್ಟಿ ಫ್ರೇಮ್ ಹೇಳುವುದಿಲ್ಲ.

ಇದು ಹೊರದೇಶದಿಂದ ತರಿಸಬೇಕಾದ ವಸ್ತು ಅನ್ನುವ ಕಾಲ ಹೋಯಿತು. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಫ್ಲೈ ಕುರ್ಚಿಯನ್ನು ಒಬ್ಬೊಬ್ಬರ ಅಳತೆಗೆ ಮಾಡಿಕೊಡುತ್ತಾರೆ. 2021ರಲ್ಲಿ ಬಂದಾಗ ಅದರ ಬೆಲೆ ಸುಮಾರು 40,000 ಇತ್ತು. ಮುಂದೆ ಜೋಡಿಸುವ ಮೋಟಾರಿನ ಭಾಗ, ನಿಯೋಬೋಲ್ಟ್, ಬೇರೆ. ಅದೇ ಐಐಟಿಯಿಂದ 2025ರಲ್ಲಿ ಬಂದ ವೈಡಿ ಒನ್ ಕುರ್ಚಿಯ ತೂಕ 9 ಕೆಜಿ. ಮೆಡಿಕಲ್ ಅಂಗಡಿಯ ಕುರ್ಚಿಯ ಅರ್ಧ ತೂಕ ಅದು.

ಕುಶನ್ನಿಗೂ ದುಡ್ಡು ಇಟ್ಟಿರಿ

ಒಟ್ಟು ದುಡ್ಡನ್ನೆಲ್ಲ ಕುರ್ಚಿಗೆ ಸುರಿದು ಕುಶನ್ನಿಗೆ ಹಳೆಯ ದಿಂಬು ಹಾಕುವ ತಪ್ಪನ್ನು ನಾವೂ ಮಾಡಿದೆವು. ಸೋಫಾ ರಿಪೇರಿಯವರ ಹತ್ತಿರ ಎರಡು ಇಂಚಿನ ಸ್ಪಂಜು ತಂದೆವು. ಎರಡೇ ತಿಂಗಳಲ್ಲಿ ಚಪ್ಪಟೆಯಾಗಿ ದೋಸೆಯ ಹಾಗಾಯಿತು.

ಕುಶನ್ ಸಾಕೋ ಇಲ್ಲವೋ ಅಂತ ನೋಡಲು ಕೈಯೇ ಸಾಕು. ಹತ್ತು ನಿಮಿಷ ಕೂರಿಸಿ. ಆಮೇಲೆ ಅಂಗೈ ಮೇಲೆ ಮಾಡಿ ಕುಶನ್ನಿಗೂ ಕೂರುವ ಮೂಳೆಗೂ ನಡುವೆ ಬೆರಳು ತೂರಿಸಿ. ಮೂಳೆಯ ಕೆಳಗೆ ಬೆರಳ ತುದಿಯನ್ನು ಅರ್ಧ ಸೆಂಟಿಮೀಟರ್ ಆಡಿಸಲು ಆದರೆ ಸರಿ ಇದೆ. ಆಡಿಸಲು ಆಗುವುದಿಲ್ಲ, ಆದರೆ ಬೆರಳು ಎಳೆದುಕೊಳ್ಳಬಹುದು ಅಂದರೆ ಹುಷಾರಾಗಿರಬೇಕು. ಬೆರಳು ಸಿಕ್ಕಿಕೊಂಡು ಎಳೆಯಲೂ ಕಷ್ಟವಾದರೆ ಆ ಕುಶನ್ ಬೇಡ. ಎರಡೂ ಕಡೆ ನೋಡಿ. ತಮ್ಮನ ಹಳೆಯ ಕುರ್ಚಿಯಲ್ಲಿ ಬಲಗಡೆ ನನ್ನ ಬೆರಳು ಆರಾಮಾಗಿ ಆಡಿತು, ಎಡಗಡೆ ಗೆಣ್ಣಿನವರೆಗೂ ಒತ್ತಿ ಬಿಳಿಚಿಕೊಂಡಿತು. ಅವನ ಎಡ ಮೂಳೆ ತಿಂಗಳುಗಟ್ಟಲೆ ತಡೆದುಕೊಂಡದ್ದು ಏನು ಅಂತ ನನಗೆ ಆ ಒಂದು ನಿಮಿಷದಲ್ಲಿ ಅರ್ಥವಾಯಿತು.

ಸ್ಪರ್ಶ ಚೆನ್ನಾಗಿದ್ದು ತಾವೇ ಮಿಸುಕಾಡುವವರಿಗೆ ಒಳ್ಳೆಯ ಗಟ್ಟಿ ಸ್ಪಂಜಿನ ಕುಶನ್ ಸಾಕು. ಸ್ಪರ್ಶ ಇಲ್ಲದವರಿಗೆ ಮೂಳೆ ಇಳಿಯಲು ಹಿಂದೆ ತಗ್ಗು, ತೊಡೆಗೆ ಮುಂದೆ ಏರು ಇರುವಂತೆ ಕೊರೆದ ಕುಶನ್ ಬೇಕು. ಗಾಳಿಯ ಕೋಶಗಳಿರುವ ಕುಶನ್ ಒತ್ತಡವನ್ನು ತುಂಬ ಚೆನ್ನಾಗಿ ಹಂಚುತ್ತದೆ. ಆದರೆ ಬೆಲೆ ಜಾಸ್ತಿ, ಗಾಳಿ ದಿನಾ ನೋಡಬೇಕು, ಮುಳ್ಳು ಚುಚ್ಚಿದರೆ ಮುಗಿಯಿತು. ಗಾಳಿ ತುಂಬ ತುಂಬಿದರೆ ಅದೂ ಕಲ್ಲೇ. ಜೆಲ್ ಕುಶನ್ ಭಾರ. ಯಾವುದೇ ಆಗಲಿ, ಮೇಲೆ ರೆಕ್ಸಿನ್ ಹೊದಿಸಬೇಡಿ. ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ. ನಡುವೆ ತೂತಿರುವ ಟ್ಯೂಬಿನಂಥ ಗಾಳಿದಿಂಬು ಮಾತ್ರ ಬೇಡವೇ ಬೇಡ. ಮೂಲವ್ಯಾಧಿಗೆ ತಂದದ್ದು ಮನೆಯಲ್ಲಿ ಇತ್ತು ಅಂತ ಹಾಕುತ್ತಾರೆ. ತೂತಿನ ಸುತ್ತ ರಕ್ತದ ಓಡಾಟ ನಿಂತು ಹುಣ್ಣಿಗೆ ಅದೇ ದಾರಿ ಮಾಡುತ್ತದೆ.

ಕುರ್ಚಿಯ ಬಟ್ಟೆಯ ಸೀಟು ಜೋಲಿಯ ಹಾಗೆ ತಗ್ಗಾಗಿದ್ದರೆ ಕುಶನ್ ಅಡಿಗೆ ಒಂದು ಪ್ಲೈವುಡ್ ಹಲಗೆ ಕೊಯ್ಯಿಸಿ ಹಾಕಿ. ಖರ್ಚು ಕಡಿಮೆ, ಗುಣ ತಕ್ಷಣ ಕಾಣುತ್ತದೆ.

ಎಂಥ ಕುಶನ್ ಇದ್ದರೂ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ, ಇಲ್ಲವೇ ಒಂದೊಂದು ಪಕ್ಕಕ್ಕೆ ವಾಲಿ ಎರಡು ನಿಮಿಷ ಭಾರ ಬಿಡಬೇಕು. ರಾತ್ರಿ ಮಲಗುವಾಗ ಕನ್ನಡಿ ಹಿಡಿದು ನೋಡಿ. ಕೆಂಪು ಅರ್ಧ ಗಂಟೆಯಾದರೂ ಮಾಸದಿದ್ದರೆ ಮಾರನೇ ದಿನ ಕೂರುವುದು ಬೇಡ. ಏನು ತಪ್ಪಿದೆ ಅಂತ ಮೊದಲು ಹುಡುಕಿ.

ಗಾಲಿ, ಬಾಗಿಲು, ಹೊಸ್ತಿಲು

ಗಾಳಿ ತುಂಬುವ ಟೈರೋ, ಗಟ್ಟಿ ರಬ್ಬರಿನದೋ? ಗಟ್ಟಿಯದು ಪಂಕ್ಚರ್ ಆಗುವುದಿಲ್ಲ, ಆದರೆ ರಸ್ತೆಯ ಪ್ರತಿ ಕಲ್ಲೂ ಬೆನ್ನಿಗೆ ಗೊತ್ತಾಗುತ್ತದೆ. ಮನೆ, ಆಫೀಸು ಬಿಟ್ಟು ಹೋಗದವರಿಗೆ ಅದು. ಹೊರಗೆ ತಿರುಗುವವರಿಗೆ ಗಾಳಿಯದೇ ಒಳ್ಳೆಯದು. ಊರಿನ ಸೈಕಲ್ ಅಂಗಡಿಯಲ್ಲಿ ಸಿಗುವ ಅಳತೆಯ ಟೈರೇ ಅಂತ ಕೇಳಿಕೊಂಡು ತಗೊಳ್ಳಿ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಗಾಲಿಕುರ್ಚಿಯ ಬ್ರೇಕು ಟೈರನ್ನೇ ಒತ್ತಿ ಹಿಡಿಯುವುದು. ಗಾಳಿ ಇಳಿದರೆ ಬ್ರೇಕು ಹಿಡಿಯುವುದಿಲ್ಲ. ಬ್ರೇಕು ಹಾಕಿದೆ ಅಂತ ನಂಬಿ ಮಂಚಕ್ಕೆ ಜರುಗುವಾಗ ಕುರ್ಚಿ ಹಿಂದೆ ಓಡಿ ತಮ್ಮ ಒಮ್ಮೆ ನೆಲಕ್ಕೆ ಬಿದ್ದಿದ್ದಾನೆ.

ಮುಂದಿನ ಸಣ್ಣ ಗಾಲಿ ನಾಲ್ಕೈದು ಇಂಚಿನದಾದರೆ ಮೊಸಾಯಿಕ್ ನೆಲದ ಮೇಲೆ ಬೆಣ್ಣೆಯ ಹಾಗೆ ತಿರುಗುತ್ತದೆ, ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿನ ಓಡಾಟಕ್ಕೆ ಆರರಿಂದ ಎಂಟು ಇಂಚು ಇರಲಿ.

ಸೀಟಿನ ಅಗಲಕ್ಕೆ ಸುಮಾರು 8 ಇಂಚು ಸೇರಿಸಿದರೆ ಇಡೀ ಕುರ್ಚಿಯ ಅಗಲ. ನಮ್ಮ ಬಚ್ಚಲು ಮನೆಯ ಬಾಗಿಲು 24 ಇಂಚು. 18 ಇಂಚಿನ ಕುರ್ಚಿ, ಅಂದರೆ ಒಟ್ಟು 26. ಒಳಗೆ ಹೋಗುತ್ತಲೇ ಇರಲಿಲ್ಲ. ಅಪ್ಪ ಗೋಡೆ ಒಡೆಸುವ ಮಾತಾಡಿದ್ದರು. 15 ಇಂಚಿನದು ಬಂದ ಮೇಲೆ ಒಟ್ಟು 23. ತಮ್ಮ ಬಾಗಿಲ ಹತ್ತಿರ ಗಾಲಿ ಬಿಟ್ಟು, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ತನ್ನನ್ನೇ ಒಳಗೆ ಎಳೆದುಕೊಳ್ಳುತ್ತಾನೆ, ಗೆಣ್ಣು ತರಚುವುದಿಲ್ಲ. "ನೋಡಕ್ಕ, ಗೋಡೆ ಉಳೀತು" ಅಂದ ಅವತ್ತು.

ಹೊಸ್ತಿಲು ತೆಗೆಸಲು ಅಮ್ಮ ಒಪ್ಪಲಿಲ್ಲ. ದಿನಾ ರಂಗೋಲಿ ಹಾಕಿ ಪೂಜೆ ಮಾಡುವ ಹೊಸ್ತಿಲು. ಮರಗೆಲಸದ ಆಚಾರಿ ಹಲಸಿನ ಮರದ ಎರಡು ಇಳಿಜಾರು ತುಂಡು ಮಾಡಿಕೊಟ್ಟರು, ಒಳಗೊಂದು ಹೊರಗೊಂದು. ಎತ್ತರ ಒಂದಿದ್ದರೆ ಉದ್ದ ಹನ್ನೆರಡು, ಇದೇ ಲೆಕ್ಕ. 3 ಇಂಚಿನ ಹೊಸ್ತಿಲಿಗೆ 36 ಇಂಚು.

ಪಂಚೆ, ಲುಂಗಿ, ಸೀರೆ ಉಡುವವರಿಗೆ ಗಾಲಿಯ ಪಕ್ಕ ತಡೆತಗಡು ಇರಲೇಬೇಕು. ಸೆರಗು ಕಡ್ಡಿಗೆ ಸುತ್ತಿಕೊಂಡರೆ ಕುರ್ಚಿ ಒಮ್ಮೆಲೇ ನಿಲ್ಲುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ.

ಸೀಟಿನ ನಡುವೆ ಕಮೋಡ್ ತೂತು ಇರುವ ಕುರ್ಚಿಯನ್ನು ಎರಡಕ್ಕೂ ಆಗುತ್ತದೆ ಅಂತ ಕೊಳ್ಳಬೇಡಿ. ಅದು ಬಚ್ಚಲಿಗೆ ಮಾತ್ರ.

ದುಡ್ಡು ಮತ್ತು ಜಾಗ

ಅಂಗವಿಕಲರಿಗೆ ಗಾಲಿಕುರ್ಚಿಯಂಥ ಸಾಧನ ಕೊಡುವ ಕೇಂದ್ರ ಸರಕಾರದ ಎಡಿಪ್ ಯೋಜನೆ 1981ರಿಂದ ಇದೆ. 40 ಶೇಕಡಾ ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯದ ಮಿತಿ ಇದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮೊದಲೇ ಮಾಡಿಸಿಟ್ಟುಕೊಳ್ಳಿ. ಸಾಧನಗಳು ಬರುವುದು ಹೆಚ್ಚಾಗಿ ಅಲಿಮ್ಕೋದಿಂದ. ಕಾನ್ಪುರದ ಸರಕಾರಿ ಕಂಪನಿ, ಬೆಂಗಳೂರಿನಲ್ಲೂ ಅದರ ತಯಾರಿಕಾ ಘಟಕ ಇದೆ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಇಂಥ ಸಾಧನ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ.

ಎಡಿಪ್‌ನಲ್ಲಿ ಒಮ್ಮೆ ಕುರ್ಚಿ ಪಡೆದರೆ ದೊಡ್ಡವರಿಗೆ ಮುಂದಿನ 3 ವರ್ಷ ಅದೇ ಸಾಧನ ಮತ್ತೆ ಸಿಗುವುದಿಲ್ಲ. ಸುಮ್ನೆ ಸಿಗುತ್ತೆ ಅಂತ ಕೊಟ್ಟದ್ದನ್ನು ತಂದರೆ, ಅಳತೆ ತಪ್ಪಿದ ಕುರ್ಚಿಯಲ್ಲಿ ಮೂರು ವರ್ಷ. ಸಾಧನ ಕೊಡುವ ಕ್ಯಾಂಪಿನಲ್ಲಿ ಹೆಸರು ಬರೆಸುವ ದಿನವೇ ಅಳತೆಯ ಚೀಟಿ ತೋರಿಸಿ, ಈ ಅಗಲದ್ದು ಬೇಕು ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಗಾಲಿಕುರ್ಚಿ ಕೊಡುವ ಮೊದಲು ಆ ವ್ಯಕ್ತಿಯನ್ನು ಪರೀಕ್ಷಿಸಬೇಕು, ಕೂರಿಸಿ ಹೊಂದಿಸಬೇಕು, ಬಳಸಲು ಕಲಿಸಬೇಕು, ಆಮೇಲೂ ವಿಚಾರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಬರೆದಿದೆ.

ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಮತ್ತು 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಗಳು ಈ ಕೆಲಸದಲ್ಲಿ ಹಳಬರು. ದೂರದ ಊರಿನವರು ಒಂದು ದಿನ ಮಾಡಿಕೊಂಡು ಹೋಗಿಬರುವುದು ಒಳ್ಳೆಯದು. ಬಸ್ ಚಾರ್ಜು ಹುಣ್ಣಿನ ಔಷಧಿಗಿಂತ ಕಡಿಮೆ.

ಕೊಳ್ಳುವ ದಿನ ಕೂರುವವರನ್ನೇ ಕರಕೊಂಡು ಹೋಗಿ. ಬರಿ ಕೂರಿಸಿ ಎಬ್ಬಿಸಬೇಡಿ, ಅರ್ಧ ಗಂಟೆ ಕೂರಲಿ. ಅಂಗಡಿಯಿಂದ ಹೊರಗೆ ಫುಟ್‌ಪಾತಿಗೆ ಇಳಿಸಿ ಇಪ್ಪತ್ತು ಮಾರು ಹೋಗಿ ಬರಲಿ. ನಾಲ್ಕೂ ಗಾಲಿ ನೆಲಕ್ಕೆ ತಾಗುತ್ತವಾ, ಕೈ ಬಿಟ್ಟರೆ ಕುರ್ಚಿ ಒಂದು ಕಡೆಗೆ ಎಳೆಯುತ್ತದಾ ನೋಡಿ. ಕೊನೆಗೆ ಹಿಂದೆ ನಿಂತು ಎರಡೂ ಭುಜ ಸಮ ಇವೆಯಾ ಅಂತ ಒಂದು ಫೋಟೋ ತೆಗೆದುಕೊಳ್ಳಿ. ಒಂದು ತಿಂಗಳ ಮೇಲೆ ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಭುಜ ಇಳಿದಿದ್ದರೆ ಫೋಟೋದಲ್ಲಿ ಕಂಡೇ ಕಾಣುತ್ತದೆ.

ಮನೆಗೆ ತಂದ ಮೇಲೆ ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ನಟ್ಟು ಬೋಲ್ಟು. ಮುಂದಿನ ಸಣ್ಣ ಗಾಲಿಯ ಅಚ್ಚಿಗೆ ಕೂದಲು, ನೂಲು ಸುತ್ತಿಕೊಳ್ಳುತ್ತದೆ. ನಮ್ಮಲ್ಲಿ ಅಡಿಕೆ ಸಿಪ್ಪೆಯ ನಾರು ಬೇರೆ. ಕುರ್ಚಿ ಯಾಕೋ ಭಾರ ಅನ್ನಿಸಿದರೆ ಮೊದಲು ಅಲ್ಲಿ ನೋಡಿ. ಹಳೆಯ ಬ್ಲೇಡಿನಿಂದ ಕೊಯ್ದು, ಚಿಮಟದಲ್ಲಿ ಎಳೆದು ತೆಗೆದರೆ ಮತ್ತೆ ಹಗುರವಾಗಿ ಓಡುತ್ತದೆ. ತಮ್ಮ ಪ್ರತಿ ಭಾನುವಾರ ಅಂಗಳದಲ್ಲಿ ಕೂತು ತಾನೇ ಮಾಡಿಕೊಳ್ಳುತ್ತಾನೆ, ಹತ್ತು ನಿಮಿಷದ ಕೆಲಸ.